ದೇವನೂರಿನಲ್ಲಿ ಎರಡು ರಾತ್ರಿ: ಕಪಿಲಾ ತೀರದ ಪ್ರವಾಸ ಮತ್ತು ಅದರ ಲೆಕ್ಕ

ಮೈಸೂರಿಗೆ ಬರುವ ಪ್ರವಾಸಿಗರು ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯಗಳನ್ನು ನೋಡಿದ ಬಳಿಕ ಮಿಕ್ಕ ಒಂದು ದಿನದಲ್ಲಿ ನಂಜನಗೂಡು, ಸೋಮನಾಥಪುರ, ತಲಕಾಡುಗಳನ್ನು ಒಂದೇ ಉಸಿರಿಗೆ ಮುಗಿಸಿ ಹಿಂದಿರುಗುವುದು ರೂಢಿ. ಇದರಿಂದ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ವರ್ತಕರಿಗೆ ದಕ್ಕುವುದು ಹೂವು-ಹಣ್ಣು, ಎಳನೀರು, ಹೆಚ್ಚೆಂದರೆ ಒಂದು ಹೊತ್ತಿನ ಊಟದ ವ್ಯಾಪಾರ. ಕೊಠಡಿಯ ಬಾಡಿಗೆ, ರಾತ್ರಿಯ ಊಟ, ಮರುದಿನದ ಖರೀದಿ ಎಲ್ಲವೂ ನಗರದ ಪಾಲು. ಪ್ರವಾಸಿಗನು ಎಲ್ಲಿ ಮಲಗುತ್ತಾನೋ ಅಲ್ಲಿ ಹಣ ಬಿಚ್ಚುತ್ತಾನೆ ಎಂಬುದು ಈ ವ್ಯವಹಾರದ ಮೂಲಸೂತ್ರ. ಆದ್ದರಿಂದ ಈ ಸೀಮೆಯ ಒಂದು ಹಳ್ಳಿಯನ್ನೇ ನೆಲೆಯಾಗಿಟ್ಟುಕೊಂಡು ಎರಡು ರಾತ್ರಿ ತಂಗುವುದಾದರೆ ಏನೇನು ನೋಡಬಹುದು ಎಂಬುದನ್ನು ಪರಿಶೀಲಿಸುವುದು ಉಚಿತ.

ನಂಜನಗೂಡು ತಾಲ್ಲೂಕಿನ ದೇವನೂರು ಅಂತಹ ನೆಲೆಯಾಗಬಲ್ಲ ಊರು. ಲೇಖಕ ದೇವನೂರ ಮಹಾದೇವ ಅವರ ಹುಟ್ಟೂರು ಇದು. ಗುರುಮಲ್ಲೇಶ್ವರರ ದಾಸೋಹ ಪರಂಪರೆಯಿಂದಲೂ ಈ ಊರಿನ ಹೆಸರು ಸುತ್ತಣ ಸೀಮೆಗೆ ಪರಿಚಿತ. ಬಂದವರಿಗೆ ಅನ್ನವಿಕ್ಕುವುದು ಇಲ್ಲಿಗೆ ಹೊಸದಲ್ಲ. ಅದನ್ನು ಉದ್ಯಮವಾಗಿ ನಡೆಸುವುದಷ್ಟೇ ಹೊಸದು.

ಇಲ್ಲಿ ತಂಗುವುದರ ನಿಜವಾದ ಪ್ರಯೋಜನ ದೂರದ ಉಳಿತಾಯವಲ್ಲ, ಹೊತ್ತಿನ ಉಳಿತಾಯ. ಈ ಭಾಗದ ಉತ್ತಮ ನೋಟಗಳೆಲ್ಲ ಮುಂಜಾನೆ ಅಥವಾ ಸಂಜೆಗೆ ಸೇರಿದವು. ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಯನ್ನೇ ನೋಡಿ. ಮೈಸೂರು ಒಡೆಯರ ವಂಶಮೂಲದ ಕಥೆಯೊಡನೆ ತಳಕು ಹಾಕಿಕೊಂಡ ಈ ಊರಿನ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಮಧ್ಯ ಏಷ್ಯಾದಿಂದ ಹಿಮಾಲಯವನ್ನು ದಾಟಿ ಬರುತ್ತವೆ. ನರಸೀಪುರ ತಾಲ್ಲೂಕಿನ ಕಗ್ಗಲೀಪುರದ ಕೆರೆಯಲ್ಲಿಯೂ ಇವು ಇಳಿಯುವುದುಂಟು. ಬಿಸಿಲೇರುವ ಮುನ್ನ ಕೆರೆಯ ಏರಿಯ ಮೇಲೆ ಸದ್ದಿಲ್ಲದೆ ನಿಲ್ಲಬೇಕು. ಮೈಸೂರಿನ ಹೋಟೆಲಿನಲ್ಲಿ ಉಪಾಹಾರ ಮುಗಿಸಿ ಹೊರಟವರಿಗೆ ಈ ಭಾಗ್ಯವಿಲ್ಲ. ಸೈಕಲ್ ತುಳಿಯುವವರಿಗೆ, ಗದ್ದೆಬದುಗಳಲ್ಲಿ ನಡೆಯಬಯಸುವವರಿಗೂ ಅದೇ ಹೊತ್ತು ಪ್ರಶಸ್ತ.

ತಲಕಾಡಿನ ಮಾತೂ ಹಾಗೆಯೇ. ಗಂಗರ ರಾಜಧಾನಿಯಾಗಿದ್ದ ಈ ಊರಿನ ದೇಗುಲಗಳು ಮರಳಿನ ದಿಬ್ಬಗಳ ನಡುವೆ ಇವೆ. ನಡುಹಗಲಿನಲ್ಲಿ ಆ ಮರಳಿನ ಮೇಲೆ ಬರಿಗಾಲಿನಲ್ಲಿ ನಡೆಯುವುದು ಶಿಕ್ಷೆಯೇ ಸರಿ. ಆದರೆ ಹೊರಗಿನ ಪ್ರವಾಸಿ ವಾಹನಗಳು ಹೆಚ್ಚಾಗಿ ಬಂದು ನಿಲ್ಲುವುದು ಆ ಹೊತ್ತಿಗೇ! ಬೆಳಗ್ಗೆ ಬೇಗ ತಲುಪಿದರೆ ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ಕೀರ್ತಿನಾರಾಯಣ ಗುಡಿಗಳನ್ನು ನೆಮ್ಮದಿಯಾಗಿ ನೋಡಿ ಮುಡುಕುತೊರೆಯ ಬೆಟ್ಟವನ್ನೂ ಹತ್ತಬಹುದು. ಪಂಚಲಿಂಗ ದರ್ಶನವು ಹಲವು ವರ್ಷಗಳಿಗೊಮ್ಮೆ ಒದಗುತ್ತದೆ. 2013ರ ನಂತರ 2020ರಲ್ಲಿ ನಡೆಯಿತು. ಅದನ್ನೇ ನಂಬಿ ಬಂಡವಾಳ ಹೂಡುವಂತಿಲ್ಲ.

ಸೋಮನಾಥಪುರದ ಕೇಶವ ದೇವಾಲಯಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಬೇಕು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಈ ತ್ರಿಕೂಟಾಚಲವು 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೊರಗೋಡೆಯ ಶಿಲ್ಪಗಳ ಕೆಳಗೆ ಮಲ್ಲಿತಮ್ಮನೇ ಮೊದಲಾದ ಶಿಲ್ಪಿಗಳು ತಮ್ಮ ಹೆಸರನ್ನು ಕೊರೆದಿದ್ದಾರೆ. ತಯಾರಕನ ಗುರುತು ಎಂಬ ಪದ್ಧತಿ ಏಳು ಶತಮಾನಗಳ ಹಿಂದೆಯೇ ನಮ್ಮಲ್ಲಿತ್ತೆಂಬುದು ಉತ್ಪಾದಕ ಮಿತ್ರರಿಗೆ ಸಂತೋಷ ಕೊಡದಿರದು.

ಸಂಜೆಗೆ ನರಸೀಪುರದ ಸಂಗಮ. ಕಾವೇರಿ ಮತ್ತು ಕಪಿಲೆಗಳು ಕೂಡುವ ಈ ಕ್ಷೇತ್ರದಲ್ಲಿ ಗುಪ್ತಗಾಮಿನಿಯಾದ ಸ್ಫಟಿಕ ಸರೋವರವೂ ಸೇರುತ್ತದೆಂಬ ನಂಬಿಕೆಯಿಂದ ತ್ರಿವೇಣಿ ಎಂಬ ಹೆಸರು ಬಂದಿದೆ. 1989ರಿಂದ ಇಲ್ಲಿ ಕುಂಭಮೇಳ ನಡೆದುಬಂದಿದೆ. 2025ರ ಫೆಬ್ರವರಿಯಲ್ಲಿಯೂ ನಡೆಯಿತು. ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿನ ಗುಲಗಂಜಿಯನ್ನು ತೋರಿಸಿ, ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚೆಂದು ಸ್ಥಳೀಯರು ಹೇಳುತ್ತಾರೆ. ತೂಕದ ಲೆಕ್ಕದಲ್ಲಿ ನಮ್ಮ ಹಿರಿಯರು ಎಷ್ಟು ನಿಖರ! ಆದರೆ ನದಿಯ ವಿಷಯದಲ್ಲಿ ಎಚ್ಚರ ಅಗತ್ಯ. ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟ ದಿನಗಳಲ್ಲಿ ನಂಜನಗೂಡಿನ ಸ್ನಾನಘಟ್ಟವೇ ಮುಳುಗುವುದುಂಟು. ಮಳೆಗಾಲದಲ್ಲಿ ಅತಿಥಿಗಳನ್ನು ನೀರಿಗಿಳಿಸುವುದು, ಹರಿಗೋಲು ಹತ್ತಿಸುವುದು ಸಲ್ಲದು. ಒಂದು ಅವಘಡವು ಹತ್ತು ವರ್ಷಗಳ ಹೆಸರನ್ನು ಕೊಚ್ಚಿಕೊಂಡು ಹೋಗುತ್ತದೆ.

ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿ, ಸುತ್ತೂರು ಮಠ ಮತ್ತು ಅಲ್ಲಿನ ಜಾತ್ರೆಯ ಕೃಷಿಮೇಳ, ಕುಸ್ತಿಗಳ ಬಗ್ಗೆ ಓದುಗರಿಗೆ ವಿವರಿಸಬೇಕಿಲ್ಲ. ಆದರೆ 1927ರಲ್ಲಿ ಗಾಂಧೀಜಿ ಭೇಟಿಯಿತ್ತ ಬದನವಾಳಿನ ಖಾದಿ ಕೇಂದ್ರವನ್ನು ಪ್ರವಾಸಿ ಪಟ್ಟಿಗಳು ಮರೆಯುತ್ತವೆ. ನೂಲುವ ಕೈಗಳನ್ನು ನೋಡಿದವನು ಒಂದು ಗಜ ಬಟ್ಟೆಯನ್ನಾದರೂ ಕೊಳ್ಳುತ್ತಾನೆ. ನಂಜನಗೂಡಿನ ರಸಬಾಳೆಯೂ ಅಂತಹುದೇ ಸರಕು. ಭೌಗೋಳಿಕ ಗುರುತಿನ ಮನ್ನಣೆ ಪಡೆದಿದ್ದರೂ ಸೊರಗು ರೋಗದಿಂದ ಅದರ ಬೆಳೆ ತೀರ ಕುಗ್ಗಿದೆ. ತೋಟದಲ್ಲಿಯೇ ಅತಿಥಿಗೆ ತಿನ್ನಿಸಿ ಮಾರುವ ಬಾಳೆಗೆ ಮಂಡಿಯ ಬೆಲೆಯನ್ನು ಮೀರಿದ ಬೆಲೆ ದೊರೆಯುವ ಸಾಧ್ಯತೆಯಿರುವುದರಿಂದ, ಬೆಳೆಗಾರರಿಗೆ ಇದೂ ಒಂದು ಆಸರೆಯಾದೀತು.

ಇನ್ನು ಲೆಕ್ಕದ ಮಾತು. ತೋಟದ ಮನೆಯನ್ನು ಹೋಂಸ್ಟೇಯಾಗಿ ನಡೆಸುವವರು ಮೊದಲು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಬಾಳೆ, ತೆಂಗು ಮಾರಿ ಬಂದ ಹಣ ಕೃಷಿ ಆದಾಯ. ಅದೇ ತೋಟದಲ್ಲಿ ಅತಿಥಿಯನ್ನು ಇರಿಸಿಕೊಂಡು ಪಡೆದ ಬಾಡಿಗೆ ಕೃಷಿ ಆದಾಯವಲ್ಲ; ಅದಕ್ಕೆ ಆದಾಯ ತೆರಿಗೆಯ ವಿನಾಯಿತಿ ಇಲ್ಲ. ಎರಡನ್ನೂ ಒಂದೇ ಖಾತೆಯಲ್ಲಿ ಬೆರೆಸಿದರೆ ಮುಂದೆ ಬೇರ್ಪಡಿಸುವುದು ಕಷ್ಟ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದವರಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿಯಾದವರಿಗೆ, ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿಸಲಾಗಿದೆ. ಆದರೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ಕಟ್ಟಡಕ್ಕೆ ಕೊಳ್ಳುವ ಹಂಚು, ಹಾಸಿಗೆ, ಹವಾನಿಯಂತ್ರಕಗಳ ಮೇಲೆ ತೆತ್ತ ತೆರಿಗೆಯನ್ನು ವೆಚ್ಚಕ್ಕೇ ಸೇರಿಸಿ ಬಾಡಿಗೆಯನ್ನು ನಿಗದಿಪಡಿಸಬೇಕು. ನೋಂದಣಿಯಿಲ್ಲದ ಮಾಲೀಕರು ಆನ್‌ಲೈನ್ ಬುಕಿಂಗ್ ಸಂಸ್ಥೆಯ ಮೂಲಕ ಕೊಠಡಿ ಕೊಟ್ಟರೆ ಜಿಎಸ್‌ಟಿ ಕಟ್ಟುವ ಹೊಣೆ ಆ ಸಂಸ್ಥೆಯದು. ಅವರು ಕಮಿಷನ್ ಕಳೆದು ಕಳುಹಿಸಿದ ಮೊತ್ತವನ್ನಷ್ಟೇ ಆದಾಯವೆಂದು ಬರೆದುಕೊಳ್ಳದೆ, ಅತಿಥಿ ತೆತ್ತ ಪೂರ್ಣ ಬಾಡಿಗೆಯನ್ನು ಜಮೆಗೂ ಕಮಿಷನ್ನನ್ನು ಖರ್ಚಿಗೂ ಹಾಕತಕ್ಕದ್ದು.