ಘೋಷಣೆ ಕೂಗಿದ ಪರದೇಶಿಗೆ ಗಡೀಪಾರು: ಕಾನೂನು ಹೇಳುವುದೇನು?

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 2025ರ ಮಾರ್ಚ್ 8ರ ರಾತ್ರಿ ವಲಸೆ ಅಧಿಕಾರಿಗಳು ಮಹಮೂದ್ ಖಲೀಲ್ ಎಂಬವರನ್ನು ಅವರು ವಾಸವಿದ್ದ ಕಟ್ಟಡದಲ್ಲೇ ಬಂಧಿಸಿದರು. ಸಿರಿಯಾದಲ್ಲಿ ಜನಿಸಿದ, ಪ್ಯಾಲೆಸ್ತೀನ್ ಮೂಲದ ಖಲೀಲ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಅಧ್ಯಯನ ನಡೆಸಿದವರು. 2024ರಲ್ಲಿ ಗಾಜಾ ಯುದ್ಧವನ್ನು ವಿರೋಧಿಸಿ ಅಲ್ಲಿನ ವಿದ್ಯಾರ್ಥಿಗಳು ಡೇರೆ ಹೂಡಿ ಕುಳಿತಾಗ ಅವರ ಪರವಾಗಿ ಆಡಳಿತದೊಡನೆ ಮಾತುಕತೆಗೆ ನಿಂತವರು. ಅವರ ಮೇಲೆ ಯಾವ ಕ್ರಿಮಿನಲ್ ಮೊಕದ್ದಮೆಯೂ ಇರಲಿಲ್ಲ. ಖಾಯಂ ವಾಸದ ಹಕ್ಕು ನೀಡುವ ಗ್ರೀನ್ ಕಾರ್ಡ್ ಅವರ ಬಳಿ ಇತ್ತು. ಪತ್ನಿ ಅಮೆರಿಕದ ಪ್ರಜೆ. ಆದರೂ ಅವರು ಲೂಯಿಸಿಯಾನ ರಾಜ್ಯದ ಬಂಧನ ಕೇಂದ್ರದಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ ಕಳೆಯಬೇಕಾಯಿತು. ಏಪ್ರಿಲ್‌ನಲ್ಲಿ ಮೊದಲ ಮಗು ಜನಿಸಿದಾಗಲೂ ತಂದೆಗೆ ಬಿಡುಗಡೆ ದೊರೆಯಲಿಲ್ಲ.

ಅಪರಾಧವೇ ಇಲ್ಲದಿದ್ದ ಮೇಲೆ ಬಂಧನವೇಕೆ? ಗಡೀಪಾರಿನ ಮಾತೇಕೆ? ಅಮೆರಿಕದ ಸಂವಿಧಾನ ವಾಕ್ ಸ್ವಾತಂತ್ರ್ಯವನ್ನು ಎಲ್ಲರಿಗೂ ನೀಡಿಲ್ಲವೇ? ಇವು ಅಮೆರಿಕಕ್ಕೆ ಮಾತ್ರ ಸಂಬಂಧಿಸಿದ ಪ್ರಶ್ನೆಗಳಲ್ಲ. ಬರ್ಲಿನ್, ಕುವೈತ್, ಅಬುಧಾಬಿ ಮಾತ್ರವಲ್ಲ, ಚೆನ್ನೈ ಮತ್ತು ಕೋಲ್ಕತ್ತಗಳಲ್ಲೂ ಇದೇ ಪ್ರಶ್ನೆಗಳು ಎದ್ದಿವೆ. ಲಕ್ಷಾಂತರ ಮಂದಿ ಓದಿಗಾಗಿ, ದುಡಿಮೆಗಾಗಿ ಹೊರದೇಶಗಳಲ್ಲಿ ನೆಲೆಸಿರುವ ಈ ಕಾಲದಲ್ಲಿ ಉತ್ತರವನ್ನು ಅರಿತಿರುವುದು ಒಳ್ಳೆಯದು.

ಶಿಕ್ಷೆಯಲ್ಲದ ಶಿಕ್ಷೆ

‘ಗಡೀಪಾರು’ ಎಂಬ ಪದ ಕರ್ನಾಟಕದ ಓದುಗರಿಗೆ ಹೊಸದಲ್ಲ. ಚುನಾವಣೆ ಸಮೀಪಿಸಿದಾಗ ರೌಡಿಗಳನ್ನು ಜಿಲ್ಲೆಯಿಂದ ಗಡೀಪಾರು ಮಾಡಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಅಡಿಯಲ್ಲಿ ಹೊರಡುವ ಅಂಥ ಆದೇಶಕ್ಕೂ ಮುನ್ನ ನೋಟಿಸ್ ನೀಡಬೇಕು, ಆರೋಪಕ್ಕೆ ಗುರಿಯಾದವನ ಅಹವಾಲು ಕೇಳಬೇಕು. ಅವಧಿ ಮುಗಿದೊಡನೆ ಆತ ಊರಿಗೆ ಮರಳಬಹುದು. ಏಕೆಂದರೆ ಆತ ಈ ದೇಶದ ಪ್ರಜೆ.

ವಿದೇಶೀಯನ ಸ್ಥಿತಿ ಬೇರೆ. ಪ್ರತಿಭಟನೆಯಲ್ಲಿ ಪಾಲ್ಗೊಂಡ ಪ್ರಜೆಯನ್ನು ಸರ್ಕಾರ ದಂಡಿಸಬೇಕಾದರೆ ಆತ ಇಂಥ ಕಾನೂನನ್ನು ಮುರಿದನೆಂದು ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕು. ಅದೇ ಮೆರವಣಿಗೆಯಲ್ಲಿ ಆತನ ಪಕ್ಕದಲ್ಲೇ ನಡೆದ ವಿದೇಶೀಯನ ವಿಷಯದಲ್ಲಿ ಅಪರಾಧವನ್ನು ಸಾಬೀತುಪಡಿಸುವ ಅಗತ್ಯವೇ ಬೀಳುವುದಿಲ್ಲ. ಆತನ ವಾಸದ ಅನುಮತಿಯನ್ನು ಹಿಂಪಡೆದರೆ ಸಾಕು. ಗಡೀಪಾರು ಎಂಬುದು ಶಿಕ್ಷೆಯಲ್ಲ, ಆಡಳಿತಾತ್ಮಕ ಕ್ರಮ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಚೀನೀ ಕಾರ್ಮಿಕರ ಪ್ರಕರಣವೊಂದರಲ್ಲಿ 1893ರಷ್ಟು ಹಿಂದೆಯೇ ಹೇಳಿತ್ತು. ಮನೆ, ಓದು, ನೌಕರಿ, ಕುಟುಂಬವನ್ನು ಬಿಟ್ಟು ಹೊರಡಬೇಕಾದವನಿಗೆ ಅದು ಶಿಕ್ಷೆಯಾಗಿಯೇ ಕಾಣುತ್ತದೆ. ಆದರೆ ಕಾನೂನು ಅದನ್ನು ಶಿಕ್ಷೆಯೆಂದು ಕರೆಯದ ಕಾರಣ ಶಿಕ್ಷೆಗೆ ಮುನ್ನ ದೊರೆಯಬೇಕಾದ ರಕ್ಷಣೆಗಳಲ್ಲಿ ಹಲವು ಆತನ ಪಾಲಿಗೆ ಇಲ್ಲವಾಗುತ್ತವೆ. ಇಡೀ ವಿವಾದದ ಬೇರು ಇಲ್ಲಿದೆ.

ಒಬ್ಬ ಸಚಿವರ ಅಭಿಪ್ರಾಯ ಸಾಕು

ಖಲೀಲ್ ವಿರುದ್ಧ ಬಳಸಲಾದುದು ಅಮೆರಿಕದ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ ವಿರಳ ಕಲಮು. ಯಾವುದೇ ವಿದೇಶೀಯನ ಇರುವಿಕೆಯಿಂದ ದೇಶದ ವಿದೇಶಾಂಗ ನೀತಿಗೆ ಗಂಭೀರ ಹಾನಿಯಾಗಬಹುದೆಂದು ವಿದೇಶಾಂಗ ಸಚಿವರು ನಂಬಲು ಕಾರಣವಿದ್ದರೆ ಆತನನ್ನು ಗಡೀಪಾರು ಮಾಡಬಹುದು ಎನ್ನುತ್ತದೆ ಅದು. ಮಾತು, ನಂಬಿಕೆ, ಒಡನಾಟಗಳು ಕಾನೂನುಬದ್ಧವಾಗಿದ್ದರೆ ಸಾಮಾನ್ಯವಾಗಿ ಈ ಅಧಿಕಾರವನ್ನು ಬಳಸುವಂತಿಲ್ಲ. ಬಳಸಲೇಬೇಕೆಂದರೆ ಸಚಿವರು ಸ್ವತಃ ಪ್ರಬಲ ಕಾರಣವಿದೆಯೆಂದು ತೀರ್ಮಾನಿಸಬೇಕು. ವಿದೇಶಾಂಗ ಸಚಿವ ಮಾರ್ಕೊ ರುಬಿಯೊ ಆ ತೀರ್ಮಾನವನ್ನೇ ಕೈಗೊಂಡರು. ಯೆಹೂದಿ ದ್ವೇಷವನ್ನು ಹತ್ತಿಕ್ಕುವ ಅಮೆರಿಕದ ನೀತಿಗೆ ಖಲೀಲ್ ಚಟುವಟಿಕೆಗಳಿಂದ ಧಕ್ಕೆಯಾಗುತ್ತದೆ ಎಂಬುದು ಸರ್ಕಾರದ ವಾದ. ತಾನು ಯೆಹೂದಿ ದ್ವೇಷಿಯಲ್ಲ, ಯುದ್ಧ ನಿಲ್ಲಿಸಿರೆಂದು ಕೇಳಿದ್ದೇ ತಪ್ಪಾಯಿತು ಎಂಬುದು ಖಲೀಲ್ ಪ್ರತಿವಾದ.

ಈ ಕಲಮಿನ ಹಿಂದೆ ಸ್ವಾರಸ್ಯಕರ ಇತಿಹಾಸವೊಂದಿದೆ. ಮೆಕ್ಸಿಕೊದ ಮಾಜಿ ಅಧಿಕಾರಿಯೊಬ್ಬರ ವಿರುದ್ಧ ಇದನ್ನು ಪ್ರಯೋಗಿಸಿದಾಗ ನ್ಯೂಜೆರ್ಸಿಯ ನ್ಯಾಯಾಧೀಶೆಯೊಬ್ಬರು 1996ರಲ್ಲಿ ಇದನ್ನು ಸಂವಿಧಾನಬಾಹಿರವೆಂದು ಘೋಷಿಸಿದ್ದರು. ಆಕೆ ಡೊನಾಲ್ಡ್ ಟ್ರಂಪ್ ಅವರ ಸಹೋದರಿ ಮೇರಿಯಾನ್ ಟ್ರಂಪ್ ಬ್ಯಾರಿ! ಕಾರ್ಯವಿಧಾನದ ಕಾರಣಗಳಿಂದ ಆ ತೀರ್ಪು ಮೇಲ್ಮನವಿಯಲ್ಲಿ ಬಿದ್ದುಹೋಯಿತು.

ಖಲೀಲ್ 2025ರ ಜೂನ್ 20ರಂದು ನ್ಯಾಯಾಲಯದ ಆದೇಶದ ಮೇರೆಗೆ ಬಿಡುಗಡೆಯಾದರು. ಆದರೆ ಮೇಲ್ಮನವಿ ನ್ಯಾಯಾಲಯವು 2026ರ ಜನವರಿಯಲ್ಲಿ, ಈ ಹಂತದಲ್ಲಿ ಪ್ರಕರಣವನ್ನು ಆಲಿಸುವ ಅಧಿಕಾರವೇ ಕೆಳ ನ್ಯಾಯಾಲಯಕ್ಕೆ ಇರಲಿಲ್ಲವೆಂದು ಬಹುಮತದಿಂದ ತೀರ್ಪಿತ್ತಿತು. ಮಾತನಾಡುವ ಹಕ್ಕು ಇದೆಯೇ ಎಂಬ ಪ್ರಶ್ನೆ, ಯಾವ ನ್ಯಾಯಾಲಯ ಕೇಳಬೇಕು ಎಂಬ ಪ್ರಶ್ನೆಯ ಹಿಂದೆ ಸಿಲುಕಿಕೊಂಡಿತು.

ಇಂಥ ಪ್ರಕರಣ ಇದೊಂದೇ ಅಲ್ಲ. ಟಫ್ಟ್ಸ್ ವಿಶ್ವವಿದ್ಯಾಲಯದ ಟರ್ಕಿ ಮೂಲದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ವಿದ್ಯಾರ್ಥಿ ಪತ್ರಿಕೆಗೆ ಇತರರೊಡನೆ ಸೇರಿ ಲೇಖನ ಬರೆದಿದ್ದರು. 2025ರ ಮಾರ್ಚ್ 25ರಂದು ಅವರನ್ನು ರಸ್ತೆಯಲ್ಲೇ ಹಿಡಿದು ಒಯ್ಯಲಾಯಿತು. ಆರು ವಾರಗಳ ನಂತರ ನ್ಯಾಯಾಲಯ ಬಿಡಿಸಿತು. ಕೊಲಂಬಿಯಾದಲ್ಲಿ ನಗರ ಯೋಜನೆ ಕುರಿತು ಸಂಶೋಧನೆ ನಡೆಸುತ್ತಿದ್ದ ಭಾರತೀಯ ವಿದ್ಯಾರ್ಥಿನಿಯ ವೀಸಾ ಅದೇ ಮಾರ್ಚ್ 5ರಂದು ರದ್ದಾಯಿತು. ಬಂಧನಕ್ಕೆ ಅಂಜಿ ಅವರು ಒಂದೇ ವಾರದೊಳಗೆ ಕೆನಡಾಕ್ಕೆ ತೆರಳಿದರು.

ಮತ್ತೊಂದೆಡೆ, ಬೋಸ್ಟನ್‌ನ ನ್ಯಾಯಾಧೀಶ ವಿಲಿಯಂ ಯಂಗ್ ಅವರು ಪ್ರಾಧ್ಯಾಪಕರ ಸಂಘಟನೆಗಳು ಹೂಡಿದ್ದ ದಾವೆಯಲ್ಲಿ 2025ರ ಸೆಪ್ಟೆಂಬರ್ 30ರಂದು ಸುದೀರ್ಘ ತೀರ್ಪು ನೀಡಿದರು. ಕಾನೂನುಬದ್ಧವಾಗಿ ನೆಲೆಸಿರುವ ವಿದೇಶೀಯರಿಗೂ ಪ್ರಜೆಗಳಷ್ಟೇ ವಾಕ್ ಸ್ವಾತಂತ್ರ್ಯವಿದೆ, ಅಭಿಪ್ರಾಯದ ಕಾರಣಕ್ಕೆ ಗಡೀಪಾರು ಮಾಡುವ ನೀತಿ ಸಂವಿಧಾನಕ್ಕೆ ವಿರುದ್ಧ ಎಂಬುದು ಅದರ ಸಾರ.

ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಈ ವಿಷಯದಲ್ಲಿ ಎರಡೂ ದಿಕ್ಕಿಗೆ ನಡೆದಿದೆ. ಆಸ್ಟ್ರೇಲಿಯಾ ಮೂಲದ ಬಂದರು ಕಾರ್ಮಿಕ ನಾಯಕ ಹ್ಯಾರಿ ಬ್ರಿಜಸ್ ಅವರ ಗಡೀಪಾರನ್ನು 1945ರಲ್ಲಿ ಅದು ತಡೆಯಿತು. ಏಳೇ ವರ್ಷಗಳ ಬಳಿಕ, 1952ರಲ್ಲಿ, ಹಿಂದೆಂದೋ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದ ವಿದೇಶೀಯರ ಗಡೀಪಾರನ್ನು ಎತ್ತಿಹಿಡಿಯಿತು.

ಲಾಲಾ ಹರದಯಾಳರ ನೆನಪು

ಭಾರತೀಯರಿಗೆ ಈ ಅನುಭವ ಹಳೆಯದು. ಗದರ್ ಚಳವಳಿಯ ನಾಯಕ ಲಾಲಾ ಹರದಯಾಳರನ್ನು 1914ರ ಮಾರ್ಚ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ವಲಸೆ ಅಧಿಕಾರಿಗಳು ಬಂಧಿಸಿದ್ದರು. ಅರಾಜಕತಾವಾದಿಯೆಂಬುದು ಆರೋಪ, ಗಡೀಪಾರು ಉದ್ದೇಶ. ಜಾಮೀನು ಪಡೆದ ಅವರು ಸ್ವಿಟ್ಜರ್ಲೆಂಡಿಗೆ ಹೊರಟುಹೋದರು. ಭಾರತದೊಳಗೂ ‘ಬಾಂಬೆ ಕ್ರಾನಿಕಲ್’ ಸಂಪಾದಕ ಬಿ.ಜಿ. ಹಾರ್ನಿಮನ್ ಅವರನ್ನು 1919ರಲ್ಲಿ ಬ್ರಿಟಿಷ್ ಸರ್ಕಾರ ಇಂಗ್ಲೆಂಡಿಗೆ ಅಟ್ಟಿತು. ಭಾರತೀಯರ ಹೋರಾಟದ ಪರ ನಿಂತ ಆ ಆಂಗ್ಲ ಪತ್ರಕರ್ತನ ಹೆಸರು ಮುಂಬೈನ ಹಾರ್ನಿಮನ್ ವೃತ್ತದಲ್ಲಿ ಇಂದಿಗೂ ಉಳಿದಿದೆ. ಗಡೀಪಾರು ಮಾಡಿದ ಆಡಳಿತದ ಕಣ್ಣಿಗೆ ಉಪದ್ರವಿಯಾಗಿ ಕಂಡವರು ಮುಂದಿನ ತಲೆಮಾರಿಗೆ ಗೌರವಾನ್ವಿತರಾಗಿ ಕಂಡ ನಿದರ್ಶನಗಳಿವು.

ಬರ್ಲಿನ್‌ನಿಂದ ಕೊಲ್ಲಿಯವರೆಗೆ

ಯುರೋಪಿನಲ್ಲೂ ಇಂಥ ಪ್ರಕರಣಗಳಿವೆ. ಬರ್ಲಿನ್‌ನ ಫ್ರೀ ಯೂನಿವರ್ಸಿಟಿಯಲ್ಲಿ 2024ರ ಅಕ್ಟೋಬರ್‌ನಲ್ಲಿ ನಡೆದ ಪ್ರತಿಭಟನೆಗೆ ಸಂಬಂಧಿಸಿ ನಾಲ್ವರು ವಿದೇಶೀಯರಿಗೆ ದೇಶ ಬಿಡುವಂತೆ 2025ರಲ್ಲಿ ಆದೇಶ ಹೊರಟಿತು. ಇಬ್ಬರು ಐರ್ಲೆಂಡಿನವರು, ಒಬ್ಬರು ಪೋಲೆಂಡಿನವರು, ಇನ್ನೊಬ್ಬರು ಅಮೆರಿಕದವರು. ಆಗ ಅವರಲ್ಲಿ ಯಾರ ಅಪರಾಧವೂ ನ್ಯಾಯಾಲಯದಲ್ಲಿ ಸಾಬೀತಾಗಿರಲಿಲ್ಲ. ಐರ್ಲೆಂಡ್ ಪ್ರಜೆಯೊಬ್ಬರ ಆದೇಶಕ್ಕೆ ಬರ್ಲಿನ್‌ನ ಆಡಳಿತಾತ್ಮಕ ನ್ಯಾಯಾಲಯ ಏಪ್ರಿಲ್‌ನಲ್ಲೇ ತಾತ್ಕಾಲಿಕ ತಡೆ ನೀಡಿತು.

ಕೊಲ್ಲಿ ರಾಷ್ಟ್ರಗಳಲ್ಲಿ ಚರ್ಚೆಗೆ ಎಡೆಯೇ ಇಲ್ಲ. ಕರಾವಳಿ ಕರ್ನಾಟಕದ ಅಸಂಖ್ಯ ಕುಟುಂಬಗಳು ಕೊಲ್ಲಿಯ ದುಡಿಮೆಯನ್ನು ನೆಚ್ಚಿರುವುದರಿಂದ ಇದನ್ನು ವಿಶೇಷವಾಗಿ ಗಮನಿಸಬೇಕು. ಪ್ರವಾದಿಯವರ ಕುರಿತು ಭಾರತದಲ್ಲಿ ಆಡಲಾದ ಮಾತುಗಳನ್ನು ಖಂಡಿಸಿ 2022ರ ಜೂನ್‌ನಲ್ಲಿ ಕುವೈತಿನ ಫಹಾಹೀಲ್ ಪ್ರದೇಶದಲ್ಲಿ ವಲಸಿಗರು ಪ್ರತಿಭಟಿಸಿದಾಗ, ಪಾಲ್ಗೊಂಡವರನ್ನು ಗಡೀಪಾರು ಮಾಡುವುದಾಗಿ ಅಲ್ಲಿನ ಆಡಳಿತ ಪ್ರಕಟಿಸಿತು. ಆ ಮಾತುಗಳನ್ನು ಕುವೈತ್ ಸರ್ಕಾರವೇ ಖಂಡಿಸಿತ್ತು ಎಂಬುದು ಗಮನಾರ್ಹ. ಅಂದರೆ ಯಾವುದರ ಪರ, ಯಾವುದರ ವಿರುದ್ಧ ಎಂಬುದು ಅಲ್ಲಿ ಮುಖ್ಯವಾಗಲಿಲ್ಲ. ವಲಸಿಗ ಬೀದಿಗಿಳಿದದ್ದೇ ತಪ್ಪಾಯಿತು.

ಬಾಂಗ್ಲಾದೇಶದಲ್ಲಿ ಶೇಖ್ ಹಸೀನಾ ಸರ್ಕಾರದ ವಿರುದ್ಧ 2024ರ ಜುಲೈನಲ್ಲಿ ವಿದ್ಯಾರ್ಥಿ ದಂಗೆ ನಡೆಯುತ್ತಿದ್ದಾಗ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಬೀದಿಗಿಳಿದ 57 ಬಾಂಗ್ಲಾದೇಶೀಯರಿಗೆ ಕೆಲವೇ ದಿನಗಳಲ್ಲಿ ಜೈಲು ಶಿಕ್ಷೆ ವಿಧಿಸಲಾಯಿತು. ಮೂವರಿಗೆ ಜೀವಾವಧಿ, ಉಳಿದವರಿಗೆ 10-11 ವರ್ಷ. ಢಾಕಾದಲ್ಲಿ ಸರ್ಕಾರ ಬದಲಾದ ಬಳಿಕ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅಧ್ಯಕ್ಷರು ಕ್ಷಮಾದಾನ ನೀಡಿ ಎಲ್ಲರನ್ನೂ ಗಡೀಪಾರು ಮಾಡಿದರು. ಆ ಸ್ಥಿತಿಯಲ್ಲಿ ಗಡೀಪಾರೇ ಬಿಡುಗಡೆಯಾಗಿ ಒದಗಿತು!

ನಮ್ಮ ಮನೆಯಂಗಳದಲ್ಲಿ

ಪರರ ಕಥೆ ಹೇಳುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ 2019ರ ಡಿಸೆಂಬರ್‌ನಲ್ಲಿ ದೇಶದಾದ್ಯಂತ ಪ್ರತಿಭಟನೆ ನಡೆದಾಗ ಮದ್ರಾಸ್ ಐಐಟಿಯಲ್ಲಿ ಓದುತ್ತಿದ್ದ ಜರ್ಮನಿಯ ವಿದ್ಯಾರ್ಥಿಯೊಬ್ಬ ಫಲಕ ಹಿಡಿದು ನಿಂತಿದ್ದ. ಕೆಲವೇ ದಿನಗಳಲ್ಲಿ ಆತ ತವರಿಗೆ ಮರಳಬೇಕಾಯಿತು. ಕೊಚ್ಚಿಯ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದ ನಾರ್ವೆಯ ಹಿರಿಯ ಪ್ರವಾಸಿ ಮಹಿಳೆಗೂ ದೇಶ ಬಿಡುವಂತೆ ಸೂಚನೆ ದೊರೆಯಿತು. 2020ರ ಫೆಬ್ರವರಿಯಲ್ಲಿ ವಿಶ್ವಭಾರತಿಯ ಬಾಂಗ್ಲಾದೇಶೀ ವಿದ್ಯಾರ್ಥಿನಿ, ಜಾದವಪುರ ವಿಶ್ವವಿದ್ಯಾಲಯದ ಪೋಲೆಂಡ್ ವಿದ್ಯಾರ್ಥಿ ಇಬ್ಬರಿಗೂ ‘ಭಾರತ ಬಿಡಿ’ ನೋಟಿಸ್ ತಲುಪಿತು.

ನಮ್ಮ ಸಂವಿಧಾನದ 19ನೇ ವಿಧಿ ನೀಡುವ ವಾಕ್ ಸ್ವಾತಂತ್ರ್ಯ, ಶಾಂತಿಯುತವಾಗಿ ಸಭೆ ಸೇರುವ ಹಕ್ಕುಗಳು ಪ್ರಜೆಗಳಿಗೆ ಮಾತ್ರ. ಸಮಾನತೆಯ 14ನೇ ವಿಧಿ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಗಳು ಈ ನೆಲದಲ್ಲಿರುವ ಯಾವುದೇ ವ್ಯಕ್ತಿಗೆ ಅನ್ವಯಿಸುತ್ತವೆ. ವಿದೇಶೀಯರನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲವೆಂದು ಸುಪ್ರೀಂ ಕೋರ್ಟ್ 1955ರಲ್ಲಿ ಹಾನ್ಸ್ ಮುಲ್ಲರ್ ಪ್ರಕರಣದಲ್ಲಿ ಹೇಳಿತು. 1991ರ ಲೂಯಿ ಡಿ ರೇಡ್ಟ್ ತೀರ್ಪು ಕೂಡ ಅದೇ ಹಾದಿಯದು. 1946ರ ವಿದೇಶೀಯರ ಕಾಯ್ದೆಯ ಸ್ಥಾನಕ್ಕೆ ಬಂದು 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶೀಯರ ಕಾಯ್ದೆಯೂ ಈ ಅಧಿಕಾರವನ್ನು ಕೇಂದ್ರ ಸರ್ಕಾರದಲ್ಲೇ ಉಳಿಸಿದೆ.

ಆದರೂ ಕಲ್ಕತ್ತಾ ಹೈಕೋರ್ಟ್ 2020ರ ಮಾರ್ಚ್‌ನಲ್ಲಿ ಪೋಲೆಂಡ್ ವಿದ್ಯಾರ್ಥಿಯ ವಿರುದ್ಧದ ನೋಟಿಸನ್ನು ರದ್ದುಪಡಿಸಿತು. 21ನೇ ವಿಧಿಯ ಬದುಕು ಎಂದರೆ ಕೇವಲ ಉಸಿರಾಟವಲ್ಲ, ವಿಚಾರ ಮಾಡುವ, ಅದನ್ನು ವ್ಯಕ್ತಪಡಿಸುವ ಅವಕಾಶವೂ ಅದರಲ್ಲಿ ಅಡಗಿದೆ ಎಂಬ ಉದಾರ ದೃಷ್ಟಿ ಆ ತೀರ್ಪಿನದು.

ಕೇಳಿ ಕಳುಹಿಸುವ ನ್ಯಾಯ

ಅತಿಥಿಯಾಗಿ ಬಂದವರು ಮನೆಯ ಜಗಳಕ್ಕೆ ಇಳಿಯಬಾರದು ಎಂಬ ವಾದವನ್ನು ಸಂಪೂರ್ಣ ತಳ್ಳಿಹಾಕಲಾಗದು. ಹೊರಗಿನ ಶಕ್ತಿಗಳು ಒಳಗಿನ ರಾಜಕೀಯದಲ್ಲಿ ಕೈಯಾಡಿಸುವುದನ್ನು ಯಾವ ದೇಶವೂ ಸಹಿಸದು. ಯಾರು ಇರಬೇಕು, ಯಾರು ಹೊರಡಬೇಕು ಎಂಬ ತೀರ್ಮಾನ ಆಯಾ ದೇಶದ್ದೇ. ಪ್ರಶ್ನೆ ಇರುವುದು ಅಧಿಕಾರದ ಬಗ್ಗೆಯಲ್ಲ, ಅದನ್ನು ಚಲಾಯಿಸುವ ಕ್ರಮದ ಬಗ್ಗೆ.

ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ 13ನೇ ವಿಧಿ ಇದಕ್ಕೊಂದು ಅಳತೆಗೋಲನ್ನು ಒದಗಿಸಿದೆ. ಕಾನೂನುಬದ್ಧವಾಗಿ ನೆಲೆಸಿರುವ ವಿದೇಶೀಯನನ್ನು ಕಾನೂನಿನ ಪ್ರಕಾರವೇ ಹೊರಹಾಕಬೇಕು. ರಾಷ್ಟ್ರೀಯ ಭದ್ರತೆಯ ಅನಿವಾರ್ಯ ಕಾರಣಗಳಿಲ್ಲದಿದ್ದರೆ ಆತನ ಆಕ್ಷೇಪವನ್ನು ಆಲಿಸಬೇಕು. ಅಮೆರಿಕ 1992ರಲ್ಲಿ ಈ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 1979ರಲ್ಲೇ ಸೇರಿತಾದರೂ, 13ನೇ ವಿಧಿಯ ವಿಷಯದಲ್ಲಿ ವಿದೇಶೀಯರ ಕುರಿತ ತನ್ನದೇ ಕಾನೂನನ್ನು ಅನ್ವಯಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿತು. ನಮ್ಮ ವಿದ್ಯಾರ್ಥಿಗೆ ಅಲ್ಲಿ ವಿಚಾರಣೆ ಬೇಕೆಂದು ಕೇಳುವಾಗ, ಇಲ್ಲಿಗೆ ಬಂದವರಿಗೆ ನಾವು ಏನು ಕೊಡುತ್ತಿದ್ದೇವೆ ಎಂಬುದನ್ನೂ ಹೇಳಬೇಕಾಗುತ್ತದೆ.

ವಿದ್ಯಾರ್ಥಿಗಳು ಅರಿತಿರಬೇಕಾದುದು

2024-25ನೇ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,63,019. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಹೊರಡುವವರೂ ಅವರಲ್ಲಿದ್ದಾರೆ. ಅವರು ಕೆಲವು ಸಂಗತಿಗಳನ್ನು ತಿಳಿದಿರುವುದು ಲೇಸು.

ವೀಸಾ ಬೇರೆ, ವಾಸದ ಸ್ಥಾನಮಾನ ಬೇರೆ. ವೀಸಾ ಎಂಬುದು ದೇಶದ ಬಾಗಿಲವರೆಗಿನ ಅನುಮತಿ; ಒಳಗೆ ಉಳಿಯುವ ಹಕ್ಕು ವಿದ್ಯಾರ್ಥಿಯ ದಾಖಲಾತಿಯನ್ನು ಅವಲಂಬಿಸಿದೆ. ಆದ್ದರಿಂದ ಪ್ರತಿಭಟನೆಯ ಕಾರಣಕ್ಕೆ ವಿಶ್ವವಿದ್ಯಾಲಯ ಅಮಾನತು ಮಾಡಿದರೆ ಅದು ಕಾಲೇಜಿನೊಳಗೆ ಮುಗಿಯುವ ವಿಷಯವಲ್ಲ. ವಾಸದ ಹಕ್ಕಿಗೇ ಕುತ್ತು ಬರಬಹುದು. ಪೊಲೀಸರು ವಶಕ್ಕೆ ಪಡೆದು ಬಿಟ್ಟ ಪ್ರಕರಣವೂ, ಶಿಕ್ಷೆಯಾಗದಿದ್ದರೂ, ವೀಸಾ ರದ್ದತಿಗೆ ಕಾರಣವಾಗಬಲ್ಲದು. 2025ರ ಜೂನ್‌ನಿಂದ ಅಮೆರಿಕವು ವಿದ್ಯಾರ್ಥಿ ವೀಸಾ ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಲು ಸೂಚಿಸಿತು.

ಅಮೆರಿಕದ ವಲಸೆ ನ್ಯಾಯಾಲಯಗಳು ನ್ಯಾಯಾಂಗದ ಭಾಗವಲ್ಲ. ಅವು ಸರ್ಕಾರದ ನ್ಯಾಯ ಇಲಾಖೆಯ ಅಧೀನ. ಕ್ರಿಮಿನಲ್ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ದೊರೆಯುವಂತೆ ಅಲ್ಲಿ ದೊರೆಯುವುದಿಲ್ಲ. ಆದರೆ ಬಂಧಿತ ವಿದೇಶೀಯನಿಗೆ ತನ್ನ ದೇಶದ ದೂತಾವಾಸವನ್ನು ಸಂಪರ್ಕಿಸುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ನೀಡಿದೆ. ಸ್ವಯಂಪ್ರೇರಣೆಯಿಂದ ಹೊರಡುತ್ತೇನೆಂಬ ಕಾಗದಕ್ಕೆ ವಕೀಲರನ್ನು ಕೇಳದೆ ಸಹಿ ಹಾಕದಿರುವುದು ವಿವೇಕ. ಒಮ್ಮೆ ಬಿದ್ದ ಸಹಿ ಮುಂದಿನ ಎಲ್ಲ ವಾದಗಳ ದಾರಿಯನ್ನು ಮುಚ್ಚಬಹುದು.

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥ. ಹೊರದೇಶದವನು ಎಂಬುದು ಒಂದು, ದಿಕ್ಕಿಲ್ಲದವನು ಎಂಬುದು ಇನ್ನೊಂದು. ಮೊದಲನೆಯ ಅರ್ಥದ ಪರದೇಶಿ ಎರಡನೆಯ ಅರ್ಥದ ಪರದೇಶಿಯಾಗದಂತೆ ಕಾಯುವ ಶಕ್ತಿ ಒಂದು ನೋಟಿಸ್, ಒಂದು ವಿಚಾರಣೆ, ಒಬ್ಬ ಸ್ವತಂತ್ರ ನ್ಯಾಯಾಧೀಶ ಇವುಗಳಿಗೆ ಇದೆ. ಹೊರಡೆಂದು ಹೇಳುವ ಮುನ್ನ ಏಕೆಂದು ತಿಳಿಸಿ, ಆತನ ಮಾತನ್ನು ಕೇಳುವುದರಿಂದ ಯಾವ ದೇಶದ ಸಾರ್ವಭೌಮತ್ವಕ್ಕೂ ಕುಂದುಂಟಾಗದು.