ಸೀಟು ಹಂಚಿಕೆಯ ಒಳಲೆಕ್ಕ

ಸಿಇಟಿ ರ‍್ಯಾಂಕ್ ಬಂದ ಮನೆಗಳಲ್ಲಿ ಮುಂದಿನ ಪ್ರಶ್ನೆ ಒಂದೇ. ಆಯ್ಕೆಯ ಪಟ್ಟಿಯಲ್ಲಿ ಮೊದಲು ಯಾವ ಕಾಲೇಜನ್ನು ಬರೆಯಬೇಕು? ಬೇಕಾದುದನ್ನೋ, ಸಿಗಬಹುದಾದುದನ್ನೋ? ‘ದೊಡ್ಡ ಕಾಲೇಜಿಗೆ ಆಸೆಪಟ್ಟರೆ ಊರಿನದೂ ಕೈತಪ್ಪೀತು’ ಎಂದು ಹೆದರಿಸುವವರು ಎಲ್ಲ ಬೀದಿಗಳಲ್ಲೂ ಇದ್ದಾರೆ. ಈ ಹೆದರಿಕೆಗೆ ಆಧಾರವಿಲ್ಲ. ಅದನ್ನು ನಂಬಿದರೆ ಮಾತ್ರ ನಷ್ಟವುಂಟು.

ಸೀಟು ರ‍್ಯಾಂಕಿನ ಮೇಲೆ ಸಿಗುವುದು ಇಂದು ಸಹಜವೆನಿಸಿದರೂ ಅದು ಸುಲಭಕ್ಕೆ ಬಂದದ್ದಲ್ಲ. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ‘ಡೊನೇಷನ್’ ಹಾವಳಿ ತಡೆಯಲು ಕರ್ನಾಟಕ 1984ರಲ್ಲೇ ಕಾನೂನು ಮಾಡಿತ್ತು. ಆದರೆ 1989ರ ಸರ್ಕಾರಿ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕನ್ನಡನಾಡಿನ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ಎಂದು ದರ ನಿಗದಿ ಮಾಡಿತು. ಹಣ ಹೊಂದಿಸಲಾಗದೆ ತುಮಕೂರಿನಲ್ಲಿ ಸೀಟು ಕಳೆದುಕೊಂಡ ಮೀರತ್‌ನ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದಳು. ಅದೇ 1992ರ ಮೋಹಿನಿ ಜೈನ್ ಪ್ರಕರಣ. ಮರುವರ್ಷ ಉಣ್ಣಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಅರ್ಧದಷ್ಟು ಸೀಟು ಸರ್ಕಾರಿ ಶುಲ್ಕಕ್ಕೆ, ಉಳಿದರ್ಧ ಹೆಚ್ಚಿನ ಶುಲ್ಕಕ್ಕೆ, ಆದರೆ ಎರಡೂ ಅರ್ಹತೆಯ ಮೇಲೆಯೇ ಎಂದು ಹೇಳಿತು. ಈ ತೀರ್ಪಿನ ಬೆನ್ನಿಗೇ 1994ರಲ್ಲಿ ಸಿಇಟಿ ಘಟಕ ಹುಟ್ಟಿತು. ಇಂದಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅದರ ಮುಂದುವರಿಕೆ.

ಮೊದಮೊದಲು ಹಂಚಿಕೆ ಕಣ್ಣೆದುರೇ ನಡೆಯುತ್ತಿತ್ತು. ಮೂಲ ದಾಖಲೆಗಳ ಕಡತ ಹಿಡಿದು ತಂದೆ-ಮಕ್ಕಳು ಬೆಂಗಳೂರಿಗೆ ಬರುತ್ತಿದ್ದರು. ರ‍್ಯಾಂಕಿನ ಸರದಿಯಂತೆ ಕರೆ ಬರುತ್ತಿತ್ತು. ಉಳಿದಿರುವ ಸೀಟುಗಳ ಸಂಖ್ಯೆ ಪರದೆಯ ಮೇಲೆ ಕರಗುತ್ತಿದ್ದುದನ್ನು ನೋಡುತ್ತ, ತಮ್ಮ ಸರದಿ ಬಂದಾಗ ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿಕೊಳ್ಳುತ್ತಿದ್ದರು.

ಈಗ ಕಂಪ್ಯೂಟರ್ ಮಾಡುವುದೂ ಇದನ್ನೇ. ಅಭ್ಯರ್ಥಿಯ ಬದಲು ಅವನ ಪಟ್ಟಿ ಸರದಿಯಲ್ಲಿ ನಿಲ್ಲುತ್ತದೆ, ಮುಖ್ತ್ಯಾರನಂತೆ. 20,000ನೇ ರ‍್ಯಾಂಕಿನವನ ಸರದಿ ಬಂದಾಗ ಯಂತ್ರ ಅವನ ಮೊದಲ ಆಯ್ಕೆ ಖಾಲಿಯಿದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಎರಡನೆಯದು, ಆಮೇಲೆ ಮೂರನೆಯದು. ಅಷ್ಟು ಹೊತ್ತಿಗೆ 20,001ನೆಯವನು ಮುಂದೆ ನುಗ್ಗುವಂತಿಲ್ಲ. ಆದ್ದರಿಂದ ಸಿಗದ ಕಾಲೇಜನ್ನು ಮೇಲೆ ಬರೆದರೆ ಕಳೆದುಕೊಳ್ಳುವುದು ಏನೂ ಇಲ್ಲ. ಆದರೆ ಹೆದರಿ ಊರಿನ ಕಾಲೇಜನ್ನು ಮೊದಲು ಬರೆದನೆನ್ನಿ, ಯಂತ್ರ ಅದನ್ನು ಕೊಟ್ಟು ಅಲ್ಲಿಗೇ ನಿಲ್ಲುತ್ತದೆ. ಅವನು ಬಯಸಿದ್ದ ಬೆಂಗಳೂರಿನ ಸೀಟು ಆ ಕ್ಷಣದಲ್ಲಿ ಖಾಲಿಯಿದ್ದರೂ ಅತ್ತ ತಿರುಗಿ ನೋಡುವುದಿಲ್ಲ! ಮೀಸಲಾತಿ, ಗ್ರಾಮೀಣ, ಕನ್ನಡ ಮಾಧ್ಯಮದ ಸೀಟುಗಳಿಗೂ ನಿಯಮ ಇದೇ. ಸರದಿಯಲ್ಲಿ ನಿಲ್ಲುವವರಷ್ಟೇ ಬೇರೆ.

ಹಾಗೆಂದು ಪಟ್ಟಿಯನ್ನು ದೊಡ್ಡ ಹೆಸರುಗಳಿಂದಲೇ ತುಂಬಿಸಿ ಕೈಬಿಟ್ಟರೆ ಬರಿಗೈಯೇ ಗತಿ. ಸಿಕ್ಕರೆ ಹೋಗಲು ಮನಸ್ಸಿರುವ ಕಾಲೇಜುಗಳೆಲ್ಲ ಕೆಳಗೆ ಇರಬೇಕು, ಹೋಗುವ ಮನಸ್ಸಿಲ್ಲದ್ದು ಒಂದೂ ಇರಬಾರದು. ಹತ್ತೇ ಹೆಸರು ಬರೆದು ಸುಮ್ಮನಾಗುವುದು ಜಿಪುಣತನವೇ ಸರಿ.

ಜಾಣತನ ಬೇಕಾಗುವುದು ಸೀಟು ಸಿಕ್ಕ ಮೇಲೆ. ಮೊದಲ ಸುತ್ತಿನ ನಂತರ ನಾಲ್ಕು ದಾರಿಗಳಿರುತ್ತವೆ. ಒಪ್ಪಿ ಕಾಲೇಜಿಗೆ ಸೇರುವುದು, ಸಿಕ್ಕಿದ್ದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುವುದು, ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬೀಳುವುದು. ಎರಡನೆಯದರಲ್ಲಿ ಮೇಲಿನ ಆಯ್ಕೆ ದಕ್ಕಿದೊಡನೆ ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ. ಆಮೇಲೆ ‘ಹಳೆಯದೇ ಚೆನ್ನಾಗಿತ್ತು’ ಎಂದರೆ ಕೇಳುವವರಿಲ್ಲ. ಮೂರನೆಯದು ನಿಜಕ್ಕೂ ಜೂಜು. ಬಿಟ್ಟ ಸೀಟು ಇನ್ನೊಬ್ಬರ ಪಾಲಾಗುತ್ತದೆ, ಮುಂದಿನ ಸುತ್ತಿನಲ್ಲಿ ಏನೂ ಬಾರದೆಯೂ ಇರಬಹುದು.

ಉಣ್ಣಿಕೃಷ್ಣನ್ ಯೋಜನೆಯನ್ನು 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ತಳ್ಳಿಹಾಕಿತು. ಆಮೇಲೆ ಖಾಸಗಿ ಕಾಲೇಜುಗಳ ಪಾಲಿಗೆ ಕಾಮೆಡ್-ಕೆ ಬಂತು, ವೈದ್ಯಕೀಯಕ್ಕೆ ನೀಟ್ ಬಂತು. ಸಾಲುಗಳು ಹೆಚ್ಚಾದವು. ಒಬ್ಬನೇ ಅಭ್ಯರ್ಥಿ ಹಲವು ಸಾಲುಗಳಲ್ಲಿ ನಿಂತು, ಸೇರದ ಸೀಟನ್ನು ಕೊನೆಯವರೆಗೂ ಹಿಡಿದಿಟ್ಟುಕೊಂಡರೆ ಅದು ಸರದಿಯ ಹಿಂದಿನವರಿಗೆ ತಲುಪದೆ ಖಾಲಿ ಉಳಿಯುತ್ತದೆ. ಬೇಕೆಂದೇ ಹೀಗೆ ಸೀಟು ತಡೆಹಿಡಿದ ದಂಧೆಯ ಬಗ್ಗೆ 2024ರಲ್ಲಿ ಬೆಂಗಳೂರಿನಲ್ಲಿ ಪೊಲೀಸ್ ತನಿಖೆಯೂ ನಡೆಯಿತು.