ಹೊಸ ಹುಲ್ಲು ಮೆಷಿನ್ ತೋಟಕ್ಕಿಳಿಯುವ ಮೊದಲು: ಎಣ್ಣೆ, ನಟ್, ಗಾರ್ಡ್ ನೋಡದೆ ಸ್ಟಾರ್ಟ್ ಮಾಡಿದರೆ ಕೆಟ್ಟಿತು

ಪುತ್ತೂರು: ಮಳೆ ಹಿಡಿದು ಎರಡು ವಾರ ಆಗುವಷ್ಟರಲ್ಲಿ ಅಡಿಕೆ ತೋಟದ ಹುಲ್ಲು ಮೊಣಕಾಲಿಗೆ ಬರುತ್ತದೆ. ಕತ್ತಿ ಹಿಡಿದು ಹೆರೆಯಲು ಜನ ಸಿಗುವುದಿಲ್ಲ. ಹಾಗಾಗಿ ಪುತ್ತೂರು, ಸುಳ್ಯ, ಕಡಬ ಭಾಗದ ತೋಟದ ಮನೆಗಳಲ್ಲಿ ಬ್ರಷ್ ಕಟ್ಟರ್, ಅಂದರೆ ಎಲ್ಲರ ಬಾಯಲ್ಲಿರುವ ‘ಹುಲ್ಲು ಮೆಷಿನ್’, ಈಗ ಬೇಕೇ ಬೇಕಾದ ಸಾಮಾನು. ಕೂತು ಓಡಿಸುವ ದೊಡ್ಡ ಮೆಷಿನ್ ಯೂಟ್ಯೂಬ್‌ನಲ್ಲಿ ನೋಡಲು ಚಂದ. ಇಲ್ಲಿನ ಇಳಿಜಾರಿಗೆ, ಸಾಲುಗಳ ನಡುವಿನ ಬಸಿಗಾಲುವೆಗೆ ಹೆಗಲಿಗೆ ಹಾಕುವ ಮೆಷಿನ್ನೇ ಸರಿ.

ಆದರೆ ಬಾಕ್ಸ್ ಬಿಚ್ಚಿ, ಪೆಟ್ರೋಲ್ ಹೊಯ್ದು, ಹಗ್ಗ ಎಳೆದುಬಿಟ್ಟರೆ ಸಾವಿರಾರು ರೂಪಾಯಿಯ ಮೆಷಿನ್ ಮೊದಲ ದಿನವೇ ಸೀಜ್ ಆಗಬಹುದು. ತಪ್ಪು ಪೆಟ್ರೋಲ್ ಹಾಕಿ ಹೋದ ಇಂಜಿನ್‌ಗೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ.

ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ?

ಮೊದಲು ಗೊತ್ತಾಗಬೇಕಾದ್ದು ಇದು. ಟೂ ಸ್ಟ್ರೋಕ್ ಇಂಜಿನ್‌ಗೆ ಬೇರೆ ಆಯಿಲ್ ಇಲ್ಲ. ಪೆಟ್ರೋಲ್ ಜತೆ ಸೇರಿ ಒಳಗೆ ಹೋಗುವ ಆಯಿಲೇ ಪಿಸ್ಟನ್, ಬೇರಿಂಗ್‌ಗಳಿಗೆ ಜಾರಿಕೆ ಕೊಡಬೇಕು. ಬರೀ ಪೆಟ್ರೋಲ್ ಹಾಕಿದರೆ ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡುತ್ತದೆ, ಆಮೇಲೆ ಪಿಸ್ಟನ್ ಬಿಸಿಯಾಗಿ ಹಿಡಿದುಕೊಳ್ಳುತ್ತದೆ.

ಎಷ್ಟು ಆಯಿಲ್ ಎಂಬುದು ಕಂಪೆನಿಗೊಂದು ಲೆಕ್ಕ, ಮೆಷಿನ್ ಜತೆ ಬರುವ ಪುಸ್ತಕದಲ್ಲಿ ಇರುತ್ತದೆ. 1:25 ಎಂದಿದ್ದರೆ ಒಂದು ಲೀಟರ್ ಪೆಟ್ರೋಲ್‌ಗೆ 40 ಎಂಎಲ್ ಟೂ-ಟಿ ಆಯಿಲ್. 1:50 ಎಂದಿದ್ದರೆ 20 ಎಂಎಲ್. ಐದು ಲೀಟರ್ ಕ್ಯಾನ್‌ಗಾದರೆ 200 ಅಥವಾ 100 ಎಂಎಲ್. ಅಂದಾಜಿಗೆ ಹೊಯ್ಯುವುದು ಬೇಡ, ಔಷಧಿ ಬಾಟಲಿಯ ಅಳತೆ ಮುಚ್ಚಳ ಆದರೂ ಸಾಕು. ಮಿಕ್ಸ್ ಮಾಡುವುದು ಬೇರೆ ಕ್ಯಾನ್‌ನಲ್ಲಿ, ಚೆನ್ನಾಗಿ ಕುಲುಕಿ. ಮೆಷಿನ್‌ನ ಟ್ಯಾಂಕಲ್ಲೇ ಮಿಕ್ಸ್ ಮಾಡಬಾರದು.

ಫೋರ್ ಸ್ಟ್ರೋಕ್ ಆದರೆ ಉಲ್ಟಾ. ಟ್ಯಾಂಕ್‌ಗೆ ಬರೀ ಪೆಟ್ರೋಲ್, ಇಂಜಿನ್‌ಗೆ ಬೇರೆ ಆಯಿಲ್. ಹೊಸ ಮೆಷಿನ್ ಸಾಮಾನ್ಯವಾಗಿ ಇಂಜಿನ್ ಆಯಿಲ್ ಇಲ್ಲದೆಯೇ ಬರುತ್ತದೆ. ಹಾಕುವುದು ತೀರಾ ಕಡಿಮೆ. ಹೋಂಡಾದ ಜಿಎಕ್ಸ್ 35 ಇಂಜಿನ್‌ಗೆ ಹಿಡಿಯುವುದು 100 ಎಂಎಲ್ ಮಾತ್ರ. ಮೆಷಿನ್ ಸಮತಟ್ಟಾಗಿಟ್ಟು, ಆಯಿಲ್ ಹಾಕುವ ಬಾಯಿಯ ಅಂಚಿನವರೆಗೆ ನೋಡಿ ಹಾಕಬೇಕು. ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಸೀಜ್. ಮೊದಲ ಆಯಿಲ್ ಬದಲಾವಣೆ ಬೇಗ ಬರುತ್ತದೆ, ಈ ಇಂಜಿನ್‌ಗೆ ಮೊದಲ ತಿಂಗಳು ಅಥವಾ 10 ಗಂಟೆ ಓಡಿದ ಮೇಲೆ.

ನಟ್ ಬಿಗಿ ಮಾಡುವುದು ಎಡಕ್ಕೆ

ಬ್ಲೇಡ್ ಹಾಕುವಾಗ ಹೊಸಬರು ತಪ್ಪುವುದು ಇಲ್ಲಿ. ಹೆಚ್ಚಿನ ಮೆಷಿನ್‌ಗಳಲ್ಲಿ ಬ್ಲೇಡ್‌ನ ನಟ್ ಎಡ ಮರೆಯದ್ದು. ಎಡಕ್ಕೆ ತಿರುಗಿಸಿದರೆ ಬಿಗಿ, ಬಲಕ್ಕೆ ತಿರುಗಿಸಿದರೆ ಸಡಿಲ. ಇದು ಗೊತ್ತಿಲ್ಲದೆ ಬಲಕ್ಕೆ ಜೋರು ಮಾಡಿದರೆ ನಟ್ ಕೂರುವುದಿಲ್ಲ, ಮರೆ ಹಾಳಾಗುತ್ತದೆ. ಗೇರ್ ಹೆಡ್‌ನ ತೂತಿಗೆ ಪಿನ್ ಹಾಕಿ ಶಾಫ್ಟ್ ತಿರುಗದ ಹಾಗೆ ಮಾಡಿ ನಟ್ ಬಿಗಿ ಮಾಡಬೇಕು, ಆಮೇಲೆ ಪಿನ್ ನೆನಪಿಟ್ಟು ತೆಗೆಯಬೇಕು. ಗೇರ್ ಹೆಡ್‌ನ ಸ್ಕ್ರೂ ಬಿಚ್ಚಿ ಗ್ರೀಸ್ ಕಾಣುತ್ತದಾ ನೋಡಬೇಕು. ಕಾಣದಿದ್ದರೆ ಸ್ವಲ್ಪ ಹಾಕಿದರೆ ಸಾಕು, ತುಂಬಿಸಬಾರದು.

ಗಾರ್ಡ್ ಬಿಚ್ಚಿಡಬಾರದು

ಹುಲ್ಲು ಸಿಕ್ಕಿಕೊಳ್ಳುತ್ತದೆ ಎಂದು ಗಾರ್ಡ್ ಬಿಚ್ಚಿ ಮೂಲೆಗೆ ಹಾಕುವವರಿದ್ದಾರೆ. ಬ್ಲೇಡಿಗೆ ತಾಗಿದ ಕಲ್ಲಿನ ಚೂರು ಕಾಲಿಗೆ, ಕಣ್ಣಿಗೆ ಬಾರದ ಹಾಗೆ ತಡೆಯುವುದು ಆ ಗಾರ್ಡೇ. ನೈಲಾನ್ ದಾರದ ಹೆಡ್ ಹಾಕಿದರೆ ಗಾರ್ಡ್‌ನಲ್ಲಿ ದಾರ ತುಂಡು ಮಾಡುವ ಚಿಕ್ಕ ಬ್ಲೇಡ್ ಇರಬೇಕು. ಇಲ್ಲದಿದ್ದರೆ ದಾರ ಉದ್ದವಾಗಿ ಇಂಜಿನ್‌ಗೆ ಭಾರ ಬೀಳುತ್ತದೆ.

ಬೆಲ್ಟ್ ಹಾಕಿ ಮೆಷಿನ್ ನೇತು ಬಿಟ್ಟಾಗ ಬ್ಲೇಡ್ ನೆಲಕ್ಕೆ ತಾಗಿಯೂ ತಾಗದ ಹಾಗೆ ನಿಲ್ಲಬೇಕು. ಹಾಗೆ ಹೊಂದಿಸಿಕೊಂಡರೆ ಸಂಜೆಗೆ ಸೊಂಟ ಹಿಡಿಯುವುದಿಲ್ಲ. ಅಪಾಯ ಬಂದರೆ ಬೆಲ್ಟ್ ಕೂಡಲೇ ಕಳಚುವುದು ಹೇಗೆ ಎಂದು ಇಂಜಿನ್ ಬಂದ್ ಇರುವಾಗಲೇ ಎರಡು ಸಲ ಮಾಡಿ ನೋಡಬೇಕು.

ಮೊದಲ ಸ್ಟಾರ್ಟ್

ಪ್ರೈಮರ್ ಬಲ್ಬ್ ಇದ್ದರೆ ಪೆಟ್ರೋಲ್ ಕಾಣುವ ತನಕ ಒತ್ತಿ, ಚೋಕ್ ಹಾಕಿ ಹಗ್ಗ ಎಳೆಯಬೇಕು. ಸ್ಟಾರ್ಟ್ ಆದ ಮೇಲೆ ಚೋಕ್ ತೆಗೆಯಬೇಕು. ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಬ್ಲೇಡ್ ತಿರುಗಬಾರದು. ತಿರುಗಿದರೆ ಐಡಲ್ ಸ್ಕ್ರೂ ಕಡಿಮೆ ಮಾಡಿಸಬೇಕು. ಹೊಸ ಮೆಷಿನ್ ಅನ್ನು ಮೊದಲ ಎರಡು ಮೂರು ಟ್ಯಾಂಕ್ ಮುಗಿಯುವ ತನಕ ಹುಲ್ಲಿಗೆ ತಾಗಿಸದೆ ಸುಮ್ಮನೆ ಫುಲ್ ರೇಸ್ ಮಾಡಬಾರದು.

ತೋಟದಲ್ಲಿ ಒಂದು ಸುತ್ತು

ಮೆಷಿನ್ ಹೆಗಲಿಗೆ ಹಾಕುವ ಮೊದಲು ತೋಟದಲ್ಲಿ ಒಂದು ಸುತ್ತು ಹೋಗಬೇಕು. ಹುಲ್ಲಿನ ಅಡಿಯಲ್ಲಿ ಸ್ಪ್ರಿಂಕ್ಲರ್ ಪೈಪ್, ಬೇಲಿ ತಂತಿ, ಕೆಂಪು ಕಲ್ಲು, ಒಡೆದ ಬಾಟಲಿ ಏನೆಲ್ಲ ಇರುತ್ತದೆ. ಅಡಿಕೆ ಸಸಿ, ಕಾಳುಮೆಣಸು ಬಳ್ಳಿಯ ಬುಡದ ಹುಲ್ಲು ಕೈಯಲ್ಲೇ ತೆಗೆಯುವುದು ಒಳ್ಳೆಯದು. ನೈಲಾನ್ ದಾರ ಕೂಡ ಎಳೆ ಗಿಡದ ಸಿಪ್ಪೆ ಸುಲಿದುಹಾಕುತ್ತದೆ. ಕನ್ನಡಕ, ಬೂಟು ಬೇಕೇ ಬೇಕು. ಮೆಷಿನ್ ಓಡುವಾಗ 15 ಮೀಟರ್ ಒಳಗೆ ಮಕ್ಕಳು, ದನ, ನಾಯಿ ಯಾರೂ ಇರಬಾರದು. ಸೋಗೆ ಹೆಕ್ಕುವವರನ್ನೂ ಆಚೆ ಕಳುಹಿಸಬೇಕು.

ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ಮಳೆಗಾಲದ ತೇವ ಎಳೆದುಕೊಳ್ಳುತ್ತದೆ. ಮಿಕ್ಸ್ ಮಾಡಿದ ಪೆಟ್ರೋಲ್ ತಿಂಗಳಿಗಿಂತ ಹೆಚ್ಚು ಇಡಬಾರದು. ಮೆಷಿನ್ ಅಟ್ಟಕ್ಕೆ ಏರಿಸುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದು ಮುಗಿದು ತಾನಾಗಿ ಬಂದ್ ಆಗುವ ತನಕ ಓಡಿಸಿಡಬೇಕು.

ಅಂಗಡಿಯಲ್ಲೇ ಕೇಳಿ

ಬಾಕ್ಸ್ ಹಾಗೆಯೇ ಜೀಪಿಗೆ ಹಾಕಿಕೊಂಡು ಬರುವುದಕ್ಕಿಂತ ಅಂಗಡಿಯಲ್ಲೇ ಬಿಚ್ಚಿಸಿ, ಜೋಡಿಸಿ, ಸ್ಟಾರ್ಟ್ ಮಾಡಿಸಿ ತರುವುದು ಒಳ್ಳೆಯದು. ವಾರಂಟಿ ಕಾರ್ಡ್‌ಗೆ ಸೀಲ್, ತಾರೀಕು ಹಾಕಿಸಿಕೊಳ್ಳಬೇಕು. ಅಂಗಡಿಯವರಿಗೂ ಇದರಿಂದ ಲಾಭ ಉಂಟು, ವಾರದೊಳಗೆ ಗಿರಾಕಿ ಜಗಳಕ್ಕೆ ಬರುವುದು ತಪ್ಪುತ್ತದೆ.

ಮೆಷಿನ್ ತಂದವರು ಒಬ್ಬರು, ಓಡಿಸುವವರು ಇನ್ನೊಬ್ಬರು ಆಗಿರುವ ಮನೆಗಳೇ ಹೆಚ್ಚು. ಕೆಲಸಕ್ಕೆ ಬಂದವರಿಗೆ ಪುಸ್ತಕ ಓದಿ ಹೇಳುವವರು ಯಾರೂ ಇರುವುದಿಲ್ಲ. ಹಾಗಾಗಿ ಪೆಟ್ರೋಲ್ ಕ್ಯಾನ್ ಮೇಲೆ ‘ಒಂದು ಲೀಟರಿಗೆ ಇಷ್ಟು ಆಯಿಲ್’ ಎಂದು ಮಾರ್ಕರ್‌ನಲ್ಲಿ ದಪ್ಪಕ್ಕೆ ಬರೆದಿಟ್ಟು, ಕನ್ನಡಕವನ್ನು ಮೆಷಿನ್‌ನ ಹ್ಯಾಂಡಲಿಗೇ ಕಟ್ಟಿಟ್ಟರೆ ಯಾರು ತೆಗೆದರೂ ತಪ್ಪಾಗುವುದಿಲ್ಲ.